ಎರಡನೇ ಕಿಟಕಿಯವಳ ರಜೆ

"ಏನಂತ ಬರೀಲಿ?" ಅಂದರು ಡಾಕ್ಟರು,
ಪೆನ್ನಿನ ತುದಿಯಿಂದ ಕಿವಿ ಕೆರೆಯುತ್ತ.
ಜ್ವರವಿಲ್ಲ. ಬಿ.ಪಿ. ಸ್ವಲ್ಪ ಹೆಚ್ಚು, ಅದು ಎಲ್ಲರಿಗೂ.
ಬೆಳಿಗ್ಗೆ ಕಚೇರಿಯ ಮೆಟ್ಟಿಲ ಹತ್ತಿರ
ಕಾಲು ತಾನಾಗಿ ಹಿಂದಕ್ಕೆ ತಿರುಗುತ್ತದೆ ಸಾರ್,
ಜನ ಮಾತಾಡುವುದು ಕೇಳಿಸುತ್ತದೆ, ಅರ್ಥವಾಗಲು ಹೊತ್ತು ಹಿಡಿಯುತ್ತದೆ,
ನಿದ್ದೆಯಲ್ಲಿ "ಸರ್ವರ್ ಇಲ್ಲ, ನಾಳೆ ಬನ್ನಿ" ಅನ್ನುತ್ತೇನಂತೆ,
ನಮ್ಮ ಮನೆಯವರು "ಸರಿ ಮೇಡಂ" ಅಂದು
ಮಗ್ಗುಲು ಬದಲಿಸುತ್ತಾರಂತೆ.

ಡಾಕ್ಟರು ನಕ್ಕರು. ನಾನೂ ನಕ್ಕೆ.
ನಗು ನಿಲ್ಲಲಿಲ್ಲ, ಎಲ್ಲೋ ನಡುವೆ ಅಳುವಾಯಿತು.
ಅವರು ಎದ್ದು ಫ್ಯಾನು ಜೋರು ಮಾಡಿ
"ಇದಕ್ಕೆ ಕಾಲಮ್ಮು ಇಲ್ಲ ಕಣಮ್ಮ" ಅಂತ
ಟೈಫಾಯಿಡ್ ಎಂದು ಬರೆದುಕೊಟ್ಟರು. ಹದಿನಾಲ್ಕು ದಿನ.

ಹೊರಗುತ್ತಿಗೆಯವಳು ನಾನು, ಗುಡಿಬಂಡೆ ನಾಡಕಚೇರಿಯ
ಎರಡನೇ ಕಿಟಕಿ. ರಜೆ ಅಂದರೆ ಸಂಬಳವಿಲ್ಲದ ರಜೆ.
ಜಾತಿ, ಆದಾಯ, ವಾಸಸ್ಥಳ, ವಿಧವಾ ವೇತನ
ಎಲ್ಲವೂ ನನ್ನ ಬೆರಳಿನಡಿಗೆ ಬಂದು
ಪುಟ್ಟದೊಂದು ಚಕ್ರವಾಗಿ ಸುತ್ತುತ್ತ ನಿಲ್ಲುತ್ತವೆ.
ಅದು ಸುತ್ತುವಷ್ಟು ಹೊತ್ತೂ
ಕಿಟಕಿಯಾಚೆಯ ಮುಖ ನನ್ನನ್ನೇ ನೋಡುತ್ತದೆ,
ಸುತ್ತಿಸುತ್ತಿರುವವಳು ನಾನೇ ಎಂಬಂತೆ.

ಆ ದಿನ ಬಂದವಳು ಮುನಿಯಲ್ಲಮ್ಮ.
ನಲವತ್ತು ವರ್ಷ ಹುಣಸೆಹಣ್ಣಿನ ಬೀಜ ಬಿಡಿಸಿದ ಹೆಬ್ಬೆಟ್ಟು,
ಗೆರೆಯೇ ಇಲ್ಲ, ಚಲಾವಣೆ ಮುಗಿದ ನಾಣ್ಯ.
ಒರೆಸಿದೆ. ವ್ಯಾಸಲೀನು ಹಚ್ಚಿದೆ. ಬಲಗೈ, ಎಡಗೈ, ಮತ್ತೆ ಬಲಗೈ.
ಹನ್ನೊಂದನೇ ಸಲಕ್ಕೆ
"ಸರಿಯಾಗಿ ಒತ್ತೇ ಮುದುಕಿ" ಅಂದದ್ದು ಯಾರು?
ನನ್ನದೇ ಗಂಟಲು.
ಅವಳು ನನ್ನ ಮುಖ ನೋಡಿ
"ಅನ್ನಂ ತಿಂಟಿವಾ ಅಮ್ಮಾ?" ಅಂದಳು.
ಮೂರೂವರೆ ಗಂಟೆ. ಉಂಡಿರಲಿಲ್ಲ.

ಮೂರು ದಿನ ಅತ್ತೆ ಗಂಜಿ ಕೊಟ್ಟರು.
ಟೈಫಾಯಿಡ್ಡಿನವಳಿಗೆ ಒಗ್ಗರಣೆ ಆಗದು.
ಎದುರುಮನೆ ಶಂಷಾದ್ ಬ್ರೆಡ್ಡು ತಂದಳು.
ಒಂದನೇ ಕಿಟಕಿಯ ಗಂಗಿರೆಡ್ಡಿ ಮೂಸಂಬಿ ತಂದು
"ನೀರು ಕುದಿಸಿ ಕುಡೀರಿ ಮೇಡಂ" ಅಂದ,
ಬಾಗಿಲ ತನಕ ಹೋದವನು ತಿರುಗಿ ಬಂದು
ದನಿ ತಗ್ಗಿಸಿ ಕೇಳಿದ:
"ಯಾವ ಡಾಕ್ಟರು?"

ನಾಲ್ಕನೇ ದಿನ ಅತ್ತೆ, ನೆನೆಸಿದ ಎರಡು ಸೇರು ಅವರೆಕಾಳು
ಜಗಲಿಗೆ ತಂದು ನನ್ನ ಮುಂದಿಟ್ಟರು.
"ಕೈಗೇನು ಜ್ವರ ಇಲ್ಲವಲ್ಲ, ಹಿತುಕು."
ಹೆಬ್ಬೆಟ್ಟು, ತೋರುಬೆರಳು, ನಡುವೆ ಒಂದು ಕಾಳು.
ಒತ್ತಿದರೆ ಸಿಪ್ಪೆ ಇಲ್ಲಿ, ಬೇಳೆ ಅಲ್ಲಿ;
ಒಂದು ಮೋರಿಗೆ ಹಾರಿತು, ಒಂದು ಅತ್ತೆಯ ಕನ್ನಡಕಕ್ಕೆ.
ಒತ್ತಿದ ಕೂಡಲೇ ಆಗುವ ಕೆಲಸ!
ಎಷ್ಟು ವರ್ಷವಾಗಿತ್ತು ಕಂಡು.
ಕಾಳಿಗೆ ಟೋಕನ್ ಇಲ್ಲ, ಯಾವುದೂ ಅವಸರ ಮಾಡಲಿಲ್ಲ.
ಕೋಟೆಬೆಟ್ಟದ ನೆರಳು ನಮ್ಮ ಬೀದಿಗೆ ಬರುವ ಹೊತ್ತಿಗೆ
ಪಾತ್ರೆ ಅರ್ಧವಾಗಿತ್ತು.
ಅತ್ತೆ ತಲೆಯೆತ್ತದೆ ಅಂದರು:
"ಟೈಫಾಯಿಡ್ಡಲ್ಲ, ಅಲ್ವಾ?"
"ಅಲ್ಲ."
"ಗೊತ್ತಿತ್ತು. ಸಾರಿಗೆ ಒಗ್ಗರಣೆ ಹಾಕ್ತೀನಿ ಹಂಗಾದ್ರೆ."

ಆಮೇಲೆ ದಿನಾ ಹಿತುಕಿದೆ. ನಮ್ಮದು ಮುಗಿದ ಮೇಲೆ
ಶಂಷಾದಳ ಮನೆಯದೂ.
ದಿನ ಎಣಿಸುವುದು ಮರೆತೆ ಅಂದರೆ ಸುಳ್ಳು;
ಎಣಿಸುತ್ತಲೇ ಇದ್ದೆ.

ಹದಿನೈದನೇ ದಿನ ಕಚೇರಿಯ ಬಾಗಿಲಲ್ಲಿ
ಹಾಜರಿ ಯಂತ್ರದ ಮೇಲೆ ಹೆಬ್ಬೆಟ್ಟಿಟ್ಟೆ.
ಕೆಂಪು ದೀಪ. ಮತ್ತೊಮ್ಮೆ ಪ್ರಯತ್ನಿಸಿ.
ಇಟ್ಟೆ. ಮತ್ತೊಮ್ಮೆ ಪ್ರಯತ್ನಿಸಿ.
ಅವರೆಯ ನೀರಿಗೆ ತುದಿ ಸುಲಿದಿದೆ, ನಾನು ನಾನಲ್ಲವಂತೆ.
ಸೆರಗಿಗೆ ಒರೆಸಿಕೊಂಡೆ.
ಒಳಗೆ ಎರಡನೇ ಕಿಟಕಿಯ ಮುಂದೆ ಆಗಲೇ ಸಾಲು,
ಯಾರೋ ಹಿಂದಿನಿಂದ "ಬಂದ್ರು, ಬಂದ್ರು" ಅಂದರು.
ಮೆಟ್ಟಿಲ ಮೇಲೆ ನಿಂತೇ ಇದ್ದೆ.
ಕಾಲು ಹಿಂದಕ್ಕೆ ತಿರುಗಲಿಲ್ಲ,
ಮುಂದಕ್ಕೂ ಇಡಲಿಲ್ಲ.
ಬೆರಳನ್ನು ಮೂಗಿಗೆ ಹಿಡಿದು ನೋಡಿದೆ:
ಇನ್ನೂ ಸೊಗಡು.