ಎಣ್ಣೆ ಬಾಬ್ತು

ಅತ್ತಾರ ಹಾಜಿರಾಬಿ ಸಾಯುವ ಮುಂಚೆ ಬರೆಸಿಟ್ಟ ಕಾಗದದಲ್ಲಿ
ಮೂರು ಮಳಿಗೆ, ಒಂದು ಗೋರಿ, ಒಂದು ದೀಪ.
ಬಾಡಿಗೆಯೆಲ್ಲ ಎಣ್ಣೆಗೆ, ಗುರುವಾರ ಗುರುವಾರ,
ದುನಿಯಾ ಇರುವ ತನಕ.
ಹೆಬ್ಬೆಟ್ಟಿನ ಗುರುತು ಇನ್ನೂ ನೀಲಿ.

ದುನಿಯಾ ಉಳಿಯಿತು, ಎಣ್ಣೆ ಹೋಯಿತು.
ಗೋರಿಯ ಮೇಲೀಗ ಒಂಬತ್ತು ವ್ಯಾಟಿನ ಬಲ್ಬು,
ಬಿಲ್ಲು ಕಟ್ಟುವವರು ಬೇರೆ ಯಾರೋ.
ನಾನು ಮಾತ್ರ ಇಪ್ಪತ್ತೆರಡು ವರ್ಷ ಬರೆಯುತ್ತ ಬಂದೆ:
ಜಮಾ, ಎಣ್ಣೆ ಬಾಬ್ತು.
ಖರ್ಚು, ಇಲ್ಲ.
ಪಾಸ್‌ಬುಕ್ಕು ಎರಡು ಮುಗಿದು ಮೂರನೆಯದಕ್ಕೆ ಬಿದ್ದಿತ್ತು.

ಶಾಬಾನ್ ತಿಂಗಳ ಕೊನೆ, ಚಂದ್ರನಿಲ್ಲದ ರಾತ್ರಿ,
ನರ್ಸ್ ಸುಗಲಾಬಾಯಿ ಹೆರಿಗೆ ಚೀಲ ಹಿಡಿದು ಬರುತ್ತ
ನಮ್ಮ ಓಣಿಯ ಗಟಾರಕ್ಕೆ ಬಿದ್ದಳು.
ಕಾಲು ಮುರಿಯಿತು.
ಕೂಸು ಆಕೆಗಾಗಿ ಕಾಯಲಿಲ್ಲ,
ಅಜ್ಜಿಯ ಕೈಗೇ ಬಂದು ಅತ್ತಿತು, ಪುಣ್ಯ.

ಜುಮ್ಮಾ ಮುಗಿದು ಚಾಪೆ ಮಡಚುವ ಮೊದಲೇ ಜಗಳ.
ದಫೇದಾರ ಬಂದೇನವಾಜ್ ಎದ್ದು ನಿಂತ:
"ವಕ್ಫಿನ ಷರತ್ತಂದ್ರ ಕಲ್ಲಿನ ಮ್ಯಾಲಿನ ಗೆರಿ.
ಆಕಿ ಗೋರಿ ಅಂದಾಳ, ಓಣಿ ಅಂದಿಲ್ಲ.
ಎಣ್ಣಿ ಅಂದಾಳ, ಕಂಬ ಅಂದಿಲ್ಲ.
ಇದರಾಗ ಏನೋ ಮಸಲತ್ತು ಐತಿ!"

ಖಾಜಿ ಸೈಫುದ್ದೀನರು ನಕ್ಕರು, ಹಲ್ಲಿಲ್ಲದ ನಗು.
"ಐತಿ ಮತ್ತ. ಮಸಲತ್ತೇ ಐತಿ.
ಕಿತಾಬಿನಾಗ ಅದು ಮಸ್ಲಹತ್. ಎಲ್ಲಾರ ಹಿತ ಅಂತ ಅರ್ಥ.
ನಮ್ಮೂರಿಗೆ ಬರೂದ್ರಾಗ ಕೆಟ್ಟು ಕುಂತೈತಿ."

ಯಾರು ಕೆಡಿಸಿದರು ಆ ಶಬ್ದವನ್ನು?
ಯಾವ ದರಬಾರಿನ ಯಾವ ಪರದೆಯ ಹಿಂದೆ
ಎಲ್ಲರ ಹಿತ ಎಂದು ಪಿಸುಗುಟ್ಟಿ
ಒಬ್ಬನ ಹಿತ ಮಾಡಿಕೊಂಡರೋ,
ಜನ ಕೇಳಿ ಕೇಳಿ ಅರ್ಥವನ್ನೇ ತಿದ್ದಿಕೊಂಡರು.
ಗೋಳಗುಮ್ಮಟದಲ್ಲಿ ಕೂಗಿದ್ದು ಏಳು ಸಲ ಮರಳುತ್ತದಂತೆ.
ಏಳನೆಯದು ಕೂಗಿದವನ ದನಿಯಲ್ಲ.

ರಸ್ತೆ ಅಗಲ ಮಾಡುವಾಗ
ಸಾರ್ವಜನಿಕ ಹಿತ ಎಂದು ಠಸ್ಸೆ ಒತ್ತಿ
ಅಪ್ಪನ ಕಲಾಯಿ ಅಂಗಡಿ ಕೆಡವಿದ್ದರು.
ಸುಳ್ಳೇನಲ್ಲ, ಹಿತ ಬಂತು, ಸಿಟಿ ಬಸ್ಸೂ ಬಂತು.
ಅಪ್ಪ ಒಂದು ದಿನವೂ ಹತ್ತಲಿಲ್ಲ ಅದನ್ನು.

ಅದಕ್ಕೇ ಕೇಳಿದೆ, ಪೆನ್ನಿನ ಮುಚ್ಚಳ ಹಾಕಿ:
"ಹಿತ ಯಾವುದಂತ ಹೇಳೋರು ಯಾರ್ರಿ?"

ಖಾಜಿ ಬಹಳ ಹೊತ್ತು ತಸಬಿ ಎಣಿಸಿದರು.
"ಮೊದಲ ಹೇಳಿದವನ ಕಿಸೆ ನೋಡು.
ಆಮ್ಯಾಲ ಬಿದ್ದವರ ಕಾಲು ನೋಡು.
ಅಷ್ಟರಾಗೂ ತಿಳೀಲಿಲ್ಲಂದ್ರ ನನಗೂ ತಿಳಿಯೂದಿಲ್ಲ."
ಮತ್ತೆ, ಎದ್ದು ಚಪ್ಪಲಿ ಹುಡುಕುತ್ತ,
"ಎಣ್ಣಿ ಬರಸಿದಾಕಿ ಎಣ್ಣಿ ಮ್ಯಾಲಿನ ಆಸೆಕ್ಕ ಬರಸಿಲ್ಲಪಾ,
ಕತ್ತಲಕ್ಕ ಅಂಜಿ ಬರಸ್ಯಾಳ."

ಕಂಬ ನಿಲ್ಲಿಸುವ ದಿನ ಏಣಿ ಹಿಡಿದವನು ಬಂದೇನವಾಜನೇ,
ಹಿಡಿದಷ್ಟು ಹೊತ್ತೂ ಬೈಯುತ್ತಲೇ ಇದ್ದ.
ಈಗ ಗುರುವಾರ ಗೋರಿಯ ತಲೆದೆಸೆಯಲ್ಲಿ
ಒಂದು ಮಣ್ಣಿನ ಹಣತೆ ಉರಿಯುತ್ತದೆ.
ಎಣ್ಣೆ ಅವನ ಸ್ವಂತ ದುಡ್ಡಿನದು.
ನನ್ನ ಲೆಕ್ಕಕ್ಕೆ ಅದು ಬರುವುದಿಲ್ಲ.

ಬಂದದ್ದು ಇಷ್ಟು:
ಕಂಬ ಎರಡು, ತಂತಿ ಅರವತ್ತು ಮೀಟರ್, ಬಲ್ಬು ನಾಲ್ಕು,
ಗಟಾರಕ್ಕೆ ಹಾಸುಗಲ್ಲು, ಹಮಾಲಿ ಸಹಿತ.
ಮೇಲಿನ ತಲೆಬರಹ ಹೊಡೆದು ಹಾಕಲೋ ಎಂದು
ಸ್ಕೇಲು ಇಟ್ಟು ನೋಡಿದೆ.
ಹಾಗೇ ಬಿಟ್ಟೆ:
ಎಣ್ಣೆ ಬಾಬ್ತು.