ಗೆರೆಯ ಈಚೆ

ಶುಕ್ರವಾರ ಎರಡೂಕಾಲಿಗೆ
ಅವಳು ಅಲ್ ನಹ್ದಾದಲ್ಲಿ ಹತ್ತುತ್ತಾಳೆ,
ನಾನು ಮೂರು ಸ್ಟೇಶನ್ ಆಚೆ, ಅಬು ಹೈಲ್‌ನಲ್ಲಿ.
ಅದೇ ಗಾಡಿ ಎಂದು ತಿಳಿಯಲು ಒಂದು ಮಿಸ್ಡ್ ಕಾಲ್.
ಹಸಿರು ಲೈನು. ಓಡಿಸುವವನಿಲ್ಲ.
ಡ್ರೈವರ್ ಇರಬೇಕಾದಲ್ಲಿ ಗಾಜು, ಗಾಜಿಗೆ ಮೂಗೊತ್ತಿ
ಯಾರದೋ ಮಗು.
ಮೊದಲ ವಾರ ಸೆವ್ರಿನ್ ಎದೆ ಮೇಲೆ ಶಿಲುಬೆ ಬರೆದುಕೊಂಡಿದ್ದಳು.
"ಹಾಗಾದರೆ ಇದನ್ನು ನಿಲ್ಲಿಸುವವರು ಯಾರು?"
ನನಗೂ ಗೊತ್ತಿರಲಿಲ್ಲ.
ನಿಲ್ಲುತ್ತದೆ, ಅಂದೆ.

ಹೆಂಗಸರ ಡಬ್ಬಿಗೂ ನಮ್ಮದಕ್ಕೂ ನಡುವೆ ಗೋಡೆಯಿಲ್ಲ.
ನೆಲದ ಮೇಲೊಂದು ಗುಲಾಬಿ ಗೆರೆ, ಗೇಣಗಲ.
ಎಳೆದವನು ಲಕ್ಷ್ಮಣನಲ್ಲ,
ಟೇಪು ಅಂಟಿಸುವ ಕಂತ್ರಾಟಿನ ಯಾವನೋ ಹುಡುಗ;
ಒಂದು ಮೂಲೆಯಲ್ಲಿ ಗಾಳಿ ಸೇರಿ ಉಬ್ಬಿದೆ.
ಅವಳು ಬೇಕಾದರೆ ಈಚೆ ಬರಬಹುದು.
ನಾನು ಹೆಬ್ಬೆರಳು ಆಚೆ ಇಟ್ಟರೆ ನೂರು ದಿರ್ಹಮ್.
"ಹುಟ್ಟಿದಮೇಲೆ ಇದೇ ಮೊದಲು,
ನನಗಿರುವ ದಾರಿ ನಿನಗಿಲ್ಲ" ಎಂದು ನಕ್ಕಳು.
ನಕ್ಕವಳು ಅಲ್ಲೇ ಕೂತಳು.
ಈಚೆ ನಿಲ್ಲಲೂ ಜಾಗವಿಲ್ಲ; ಬಗಲು, ಬೆವರು, ಮೊಬೈಲು.
ಆರು ದಿನ ಯಾರದೋ ಅವಳಿ ಮಕ್ಕಳ ಹಿಂದೆ ಓಡಿದ
ಮೊಣಕಾಲಿಗೆ ಆಚೆ ಒಂದು ಸೀಟಿದೆ.
ಕೂತಿರು, ಅಂದೆ.
ಗೆರೆಗೆ ತಾಗಿದ ಸೀಟು ಅವಳದು,
ಗೆರೆಗೆ ತಾಗಿದ ಕಂಬ ನನ್ನದು.

ಪಾರ್ಕಿನಲ್ಲಿ ಕೂರಲು ಆಗಸ್ಟ್ ಬಿಡುವುದಿಲ್ಲ.
ಮಾಲಿನಲ್ಲಿ ಕೂರಲು ಚಹಾದ ಬೆಲೆ ಬಿಡುವುದಿಲ್ಲ.
ನನ್ನ ರೂಮಿನಲ್ಲಿ ಎಂಟು ಜನ, ಅವಳದು
ಅಡುಗೆಮನೆಯ ಹಿಂದೆ, ವಾಶಿಂಗ್ ಮಶೀನಿನ ಜತೆ.
ಇಲ್ಲಿ ತಂಪಿದೆ. ಕಾರ್ಡು ಒಮ್ಮೆ ಕುಂಯ್ ಅಂದರೆ
ಆ ತುದಿಯವರೆಗೆ ಯಾರೂ ಏಳಿ ಅನ್ನುವುದಿಲ್ಲ.

ನಾನು ಲಾಂಡ್ರಿಯಲ್ಲಿ ಇಸ್ತ್ರಿಯವನು.
ದಿನಕ್ಕೆ ನೂರಿಪ್ಪತ್ತು ಬಿಳಿ ಕಂದೂರ, ಕೊರಳಿಂದ ಹಿಮ್ಮಡಿವರೆಗೆ
ಒಂದು ಸುಕ್ಕಿಲ್ಲದೆ.
ಅವಳ ಎರಡು ಚೂಡಿದಾರ ಮಾತ್ರ ರಾತ್ರಿ,
ಶಟರ್ ಎಳೆದ ಮೇಲೆ, ಲೆಕ್ಕದ ಪುಸ್ತಕಕ್ಕೆ ಬೀಳದೆ.
ಚೀಲ ಗೆರೆ ದಾಟುತ್ತದೆ. ಚೀಲಕ್ಕೆ ದಂಡವಿಲ್ಲ.
"ಗಂಜಿ ಜಾಸ್ತಿ," ಅನ್ನುತ್ತಾಳೆ, ಮೂಗಿಗೆ ಹಿಡಿದು.
ಆಚೆಯಿಂದ ಬರುವುದು ಸ್ಟೀಲಿನ ಡಬ್ಬಿ.
ಇಲ್ಲಿ ತಿಂದರೂ ದಂಡ;
ಮುಚ್ಚಿದ ಡಬ್ಬಿಯೊಳಗಿಂದ ಬಂಗಡೆಯ ವಾಸನೆ
ಟಿಕೆಟ್ಟಿಲ್ಲದೆ ಓಡಾಡುತ್ತದೆ.

ಅಬು ಬಕರ್ ದಾಟಿದ ಮೇಲೆ ಗಾಡಿ ನೆಲದೊಳಗೆ ಇಳಿಯುತ್ತದೆ,
ಬಿಸಿಲು ಕತ್ತರಿಸಿದ ಹಾಗೆ ನಿಲ್ಲುತ್ತದೆ.
ಯೂನಿಯನ್ನಿನಲ್ಲಿ ಅರ್ಧ ಡಬ್ಬಿ ಖಾಲಿ, ಉಸಿರು ಬಿಡುವಷ್ಟರಲ್ಲಿ ಇಮ್ಮಡಿ.
ಅಲ್ ರಾಸ್. ಬಾಗಿಲು ಮುಚ್ಚುತ್ತಿವೆ ಎಂದು
ಅರಬ್ಬಿಯಲ್ಲಿ ಒಮ್ಮೆ, ಇಂಗ್ಲಿಷಿನಲ್ಲಿ ಒಮ್ಮೆ.
ಈಗ ತಲೆಯ ಮೇಲೆ ಕ್ರೀಕಿನ ಉಪ್ಪುನೀರು,
ನೀರಿನ ಮೇಲೆ ಡೀಸೆಲ್ ಕೆಮ್ಮುವ ದೋಣಿ, ತಲೆಗೊಂದು ದಿರ್ಹಮ್.
ಶರಾವತಿಯನ್ನು ಮಚ್ವೆಯಲ್ಲಿ ದಾಟಿ
ಮದುವೆಯ ದಿಬ್ಬಣ ಹೋದವರು ನಾವು.
ನೀರಿನ ಅಡಿಯಿಂದ ದಾಟುವುದು
ಕಾಲಿಗೆ ಇನ್ನೂ ಒಗ್ಗಿಲ್ಲ; ಬೆರಳು ಚಪ್ಪಲಿಯನ್ನು ಬಿಗಿಹಿಡಿಯುತ್ತವೆ.

ಹೋದ ವಾರ ಅಲ್ಲೇ, ಕಿಟಕಿ ಕಪ್ಪಾದಾಗ,
ಎದುರಿನ ಗಾಜಿನಲ್ಲಿ ನಾವು ಕಂಡೆವು.
ಕೂತ ಅವಳು, ನಿಂತ ನಾನು, ಮಡಿಲಲ್ಲಿ ಇಸ್ತ್ರಿ ಬಟ್ಟೆ.
ಹೊನ್ನಾವರದ ಸ್ಟುಡಿಯೋದಲ್ಲಿ ಮದುವೆಗೆ ತೆಗೆಸಿದ
ಫೋಟೋದಲ್ಲೂ ಹೀಗೇ;
ಅಲ್ಲಿ ಕುರ್ಚಿ ಒಂದೇ ಇತ್ತು.
ಗಾಜಿಗೆ ನೆಲ ಕಾಣುವುದಿಲ್ಲ.
ಗಾಜಿನೊಳಗಿನ ನನಗೆ ಅವಳು ಏನೋ ಹೇಳಿದಳು,
ತುಟಿಯಷ್ಟೇ ಆಡಿತು, ಗಾಲಿಯ ಸದ್ದು.
ಅಷ್ಟರಲ್ಲಿ ಅಲ್ ಗುಬೈಬಾದ ಬೆಳಕು ನುಗ್ಗಿ
ಇಬ್ಬರನ್ನೂ ಒರೆಸಿ ಹಾಕಿತು.

ಏನಂದೆ? ಎಂದು ಕೇಳಿದೆ.
"ಇಸ್ತ್ರಿಯವನ ಕಾಲರೇ ಮುದುಡಿದೆ."
ಮುಟ್ಟಿ ನೋಡಿಕೊಂಡೆ. ಹೌದು.
ಅದನ್ನೇ ಅಂದಿದ್ದಳೋ, ಕೇಳಲಿಲ್ಲ.

ಊದ್ ಮೇಥಾದಲ್ಲಿ ಬಿಸಿಲು ವಾಪಸು ಬಂತು.
ಜದ್ದಾಫ್. ಆಮೇಲೆ ಹಳಿ ಮುಗಿಯುತ್ತದೆ,
ಎಲ್ಲರೂ ಇಳಿಯಬೇಕು.
ಮರಳುವ ಗಾಡಿಗೆ ಏಳು ನಿಮಿಷ ಎಂದಿತು ಬೋರ್ಡು.
ಪ್ಲಾಟ್‌ಫಾರ್ಮಿನಲ್ಲಿರುವುದು ಹಳದಿ ಗೆರೆ,
ಇಬ್ಬರೂ ಅದರ ಈಚೆಗೇ ನಿಲ್ಲಬೇಕು, ಅದು ಕಾನೂನು.
ಅವಳು ಬಾಟಲಿಯ ನೀರಿಗೆ ಬೆರಳದ್ದಿ
ಕಾಲರಿನ ತುದಿ ಎಳೆದು, ಒತ್ತಿ, ಹಿಡಿದುಕೊಂಡಳು,
ಇಸ್ತ್ರಿ ಪೆಟ್ಟಿಗೆಯ ಹಾಗೆ.
ಬೋರ್ಡು ಆರು ಅಂದಿತು.