ಧೂಳಿನ ಮರುದಿನ, ಫಹಾಹೀಲ್

ನಿನ್ನೆಯಿಡೀ ತೋಜ್.
ಇಲ್ಲಿಯವರು ಧೂಳಿಗೆ ಹಾಗೆನ್ನುತ್ತಾರೆ,
ಗಡಿಯಾಚೆಯಿಂದ ಪಾಸ್‌ಪೋರ್ಟಿಲ್ಲದೆ ಬಂದ ಕಂದು ಆಕಾಶಕ್ಕೆ.
ಕಿಟಕಿಗೆ ಟೇಪು ಹಚ್ಚಿದ್ದೆ, ಬಾಗಿಲ ಸಂದಿಗೆ ಒದ್ದೆ ಟವೆಲು.
ಆದರೂ ಬೆಳಿಗ್ಗೆ ನೋಡಿದರೆ
ಶಿಲುಬೆಯ ಮೇಲೆ, ಜೊವಿಟಾಳ ನೋಟುಪುಸ್ತಕದ ಮೇಲೆ,
ಅನ್ನದ ಪಾತ್ರೆಯ ಮುಚ್ಚಳದ ಮೇಲೆ
ಗೋಧಿಹಿಟ್ಟಿನಂಥ ನುಣುಪು.
ಬೆರಳಾಡಿಸಿದರೆ ಹೆಸರು ಮೂಡುತ್ತದೆ.
ಟೀವಿಯ ಮೇಲೆ ಆಗಲೇ ಬರೆದಿದ್ದಾಳೆ: ಜೊ.

ಒದ್ದೆ ಬಟ್ಟೆ ಮೊದಲು ಮುಟ್ಟಬಾರದು ಇದನ್ನು.
ಮುಟ್ಟಿದರೆ ಕೆಸರು, ಕೆಸರು ಒಣಗಿದರೆ ಗೆರೆ.
ಒಣ ಹಿಡಿಸೂಡಿ, ಮೇಲಿನಿಂದ ಕೆಳಗೆ,
ಮಗಳ ತಲೆಯಲ್ಲಿ ಹೇನು ಹುಡುಕಿದಷ್ಟು ಸಾವಧಾನ.
ಇಷ್ಟು ಕಲಿಯಲು ನನಗೆ ಮೂರು ಬೇಸಿಗೆ ಹಿಡಿಯಿತು.

ಬಾಲ್ಕನಿಯಲ್ಲಿ ಏಸಿಯ ಪೈಪು ತೊಟ್ಟಿಕ್ಕುತ್ತದೆ,
ರಾತ್ರಿಗೊಂದು ಬಕೆಟ್ಟು.
ನಮ್ಮದೇ ಉಸಿರು, ಸಾರಿನ ಹಬೆ,
ಜಗಳವಾಡಿದ ದಿನ ಬಹುಶಃ ಅದೂ ಸ್ವಲ್ಪ,
ತಣ್ಣಗಾಗಿ ಇಳಿದ ನೀರು.
ಸಮುದ್ರ ಕುದಿಸಿ ಉಪ್ಪು ಕಳೆದು ಕೊಡುವ ಊರಲ್ಲಿ
ನಲ್ಲಿ ತಿರುಗಿಸುವಾಗ ಕೈ ಅಳುಕುತ್ತದೆ.
ನೆಲಕ್ಕೆ ಈ ಬಕೆಟ್ಟು ಸಾಕು.

ಕೆಳಗಿನ ಜ್ಯೂಸ್ ಅಂಗಡಿಯ ಮೊಯ್ದು
ಹಿಂಡಿದ ನಿಂಬೆಯ ಸಿಪ್ಪೆ ಕಟ್ಟಿಡುತ್ತಾನೆ ನನಗೆಂದು.
"ಉಪ್ಪಿನಕಾಯಿಗಾ ಚೇಚಿ?" ಎಂದಿದ್ದ ಮೊದಲ ಸಲ.
ಜಾಡಿಗೆ ಸಿಪ್ಪೆ, ಮೇಲೆ ಅಗ್ಗದ ಬಿಳಿ ವಿನೆಗರ್,
ಎರಡು ವಾರ ಕತ್ತಲಲ್ಲಿ.
ಗಾಜಿಗೆ, ಸಿಂಕಿಗೆ, ಒಲೆಯ ಜಿಡ್ಡಿಗೆ ಅದೇ.
ಹೊಸಿಲ ಅಮೃತಶಿಲೆಗೆ ಮಾತ್ರ ಬೇಡ,
ಅಲ್ಲೊಂದು ಮಂಕು ಕಲೆ ಉಳಿದಿದೆ, ನನ್ನ ಮೊದಲ ಪಾಠ.

ಎರಡನೆಯ ಪಾಠ ಮೇಲಿನ ಮನೆಯ ನಾಗ್ವಾಳದು.
ಸೋಡಾಪುಡಿಗೆ ವಿನೆಗರ್ ಸುರಿದು
ಉಕ್ಕಿದ ನೊರೆಗೆ ನಾನು ಹಿಗ್ಗುತ್ತಿದ್ದೆ.
ಅವಳು ನಕ್ಕಳು: ಒಂದನ್ನೊಂದು ಕೊಂದುಕೊಂಡವು ನೋಡು,
ಇನ್ನು ಉಳಿದದ್ದು ಬರೀ ನೀರು.
ಬೇರೆ ಬೇರೆ ಇಡು ಇವರನ್ನು.
ಅವಳ ಅರಬಿ ಮಾತಿಗೆ ನಮ್ಮಲ್ಲಿ
ಓರಗಿತ್ತಿಯರು ಎನ್ನಬಹುದು.

ಪಾತ್ರೆಗೆ ಅಂಟುವಾಳ. ಅತ್ತೆ ಕೊಟ್ಟು ಕಳಿಸಿದ್ದು.
ಏರ್‌ಪೋರ್ಟಿನಲ್ಲಿ ಅಧಿಕಾರಿ ಒಂದು ಕಾಯಿಯನ್ನು
ಕಿವಿಯ ಬಳಿ ಅಲ್ಲಾಡಿಸಿ ಕೇಳಿದನಂತೆ;
ಸಾಬೂನು ಎಂದರೆ ನಂಬಲಿಲ್ಲವಂತೆ;
ಸಿರಿಲ್ ಬಾಟಲಿ ನೀರಲ್ಲಿ ಉಜ್ಜಿ ನೊರೆ ತೋರಿಸಿದನಂತೆ.
ಅರ್ಧ ನಿಜವಿರಬಹುದು. ಅವನ ಕಥೆಗಳೇ ಹಾಗೆ.

ಎಲ್ಲ ಸೇರಿ ತಿಂಗಳಿಗೆ ಎರಡು ದಿನಾರೂ ಆಗದು.
ದುಡ್ಡಿನ ಮಾತೂ ಹೌದು, ಸುಳ್ಳೇಕೆ.
ಆದರೆ ಸಿರಿಲ್‌ನ ಕೆಲಸವೇ ನೆಲ, ಮಾಲ್‌ನ ನೆಲ.
ನೀಲಿ ದ್ರವ, ಗುಲಾಬಿ ದ್ರವ, ಹೆಸರಿನ ಬದಲು ನಂಬರು.
ಆ ವರ್ಷ ಹೊಸ ಹುಡುಗನೊಬ್ಬ, ಲೇಬಲು ಓದಲಾರದವನು,
ಶೌಚಾಲಯದಲ್ಲಿ ಬ್ಲೀಚಿಗೆ ಆಸಿಡ್ ಬೆರೆಸಿದ.
ಅವನನ್ನು ಹೊರಗೆ ಎಳೆದು ತಂದವನು ಇವನು.
ಎರಡು ವಾರ ಕೆಮ್ಮು.
ಬೆರಳ ಗೆರೆಗಳು ಅದಕ್ಕೂ ಮೊದಲೇ ಹೋಗಿದ್ದವು.
ಸಿವಿಲ್ ಐಡಿ ಕಚೇರಿಯ ಗಾಜಿಗೆ ಬೆರಳೊತ್ತಿದರೆ
ಯಂತ್ರ ಮೂರು ಸಲ ಯಾರೂ ಇಲ್ಲ ಎಂದಿತು.

ಆ ವಾಸನೆ ಈ ಮನೆಯೊಳಗೆ ಬೇಡ ಎಂದೆ.
ಅವನು ಏನೂ ಹೇಳಲಿಲ್ಲ.
ಮರುದಿನ ಹಳೆಯ ಯೂನಿಫಾರ್ಮು ತಂದು
ತಾನೇ ನಾಲ್ಕು ತುಂಡು ಕತ್ತರಿಸಿ ಕೊಟ್ಟ.
ಕಿಸೆಯ ಮೇಲಿನ ಕಂಪನಿಯ ಹೆಸರೇ ಈಗ
ನಮ್ಮ ಮಂಚದಡಿಯ ಧೂಳು ತೆಗೆಯುತ್ತದೆ.

ಶುಕ್ರವಾರ. ಮಧ್ಯಾಹ್ನ ಶಿಫ್ಟು ಮುಗಿಸಿ ಬರುತ್ತಾನೆ.
ನೆಲ ಇನ್ನೂ ಆರಿಲ್ಲ. ಜೊವಿಟಾ
ಹಳದಿ ರಟ್ಟಿನ ಪುಸ್ತಕವೊಂದನ್ನು ಗುಡಾರದಂತೆ ತೆರೆದು
ಹಜಾರದ ನಡುವೆ ನಿಲ್ಲಿಸಿದ್ದಾಳೆ,
ಅಪ್ಪನ ಮಾಲ್‌ನಲ್ಲಿ ಕಂಡ ಬೋರ್ಡಿನ ಹಾಗೆ.
ಅವನು ನಿಂತ. ಬೂಟು ಬಿಚ್ಚಿದ.
ಗೋಡೆಗುಂಟ, ತುದಿಗಾಲಲ್ಲಿ ಸುತ್ತು ಹಾಕಿ ಬಂದು
"ಸಾರಿ ಮೇಡಂ" ಎಂದ ಮಗಳಿಗೆ.
ಆಮೇಲೆ ಮೂಗು ಅರಳಿಸಿ ಕೇಳಿದ,
"ಒರೆಸಿದೆಯಾ? ಏನೂ ವಾಸನೆಯಿಲ್ಲವಲ್ಲ."

ಟೀವಿ ಬಾಕಿಯಿದೆ.
ಜೊ ಎಂಬ ಅಕ್ಷರದ ಬಲಕ್ಕೆ ಅವನು
ಹೆಬ್ಬೆರಳೊತ್ತಿ ನೋಡಿದ, ಬಗ್ಗಿ, ಕಣ್ಣು ಕಿರಿದಾಗಿಸಿ.
ನಾನು ಬಟ್ಟೆ ಹಿಡಿದು ನಿಂತೆ.
ನಾಳೆ ಒರೆಸಿದರಾಯಿತು.